ಸೇತುವೆ ಮೇಲಿನ ನಾಲ್ಕು ಪದ

ಮ್ಯಾಲಕಿ ಟೂಹಿಯನ್ನು ನಾನು ಕ್ಷಮಿಸಿಲ್ಲ. ಪಾದ್ರಿಗಳು ಕೇಳಿದಾಗಲೂ ಕ್ಷಮಿಸಿದ್ದೇನೆ ಎಂದು ಸುಳ್ಳು ಹೇಳಲಿಲ್ಲ.

ಹಿಂದೊಮ್ಮೆ ನಾನು ಅವನ ಕಟ್ಟಡ ವಿನ್ಯಾಸದ ಕಚೇರಿಯಲ್ಲಿ ನಕ್ಷೆ ಬರೆಯುವವಳಾಗಿದ್ದೆ. ನಮ್ಮ ಮೇಯೋ ಸೀಮೆಯ ಹೊಳೆಗೊಂದು ಕಾಲುಸೇತುವೆ ಬೇಕೆಂದಾಗ ಅದರ ಕಮಾನು, ಕಂಬ, ಕಟಕಟೆ ಎಲ್ಲವನ್ನೂ ಒಂದು ಚಳಿಗಾಲವಿಡೀ ಕೂತು ರೂಪಿಸಿದವಳು ನಾನು. ನಕ್ಷೆಯ ಮೂಲೆಯಲ್ಲಿ ಹೆಸರಿಗೆಂದು ಬಿಟ್ಟ ಚೌಕದಲ್ಲಿ ಅವನು ತನ್ನ ಹೆಸರು ಹಾಕಿಕೊಂಡ. ಡಬ್ಲಿನ್‌ನಲ್ಲಿ ಪ್ರಶಸ್ತಿ ಬಂತು, ಅವನಿಗೆ. ಕೇಳಿದ್ದಕ್ಕೆ, "ಗೆರೆ ಎಳೆಯೋಳು ಗೆರೆ ಎಳ್ಕೊಂಡಿರ್ಬೇಕಮ್ಮ, ಅಸಂಪ್ಟಾ," ಎಂದು ನಕ್ಕು, ಮುಂದಿನ ವಾರವೇ ಕೆಲಸದಿಂದ ತೆಗೆದ. ಊರಿನಲ್ಲಿ ಬೇರೆ ಯಾರೂ ನನ್ನನ್ನು ಕೆಲಸಕ್ಕೆ ಕರೆಯದ ಹಾಗೂ ನೋಡಿಕೊಂಡ.

ಕೆಲಸವಿಲ್ಲದಿದ್ದರೂ ಕೈ ಸುಮ್ಮನಿರುತ್ತಿರಲಿಲ್ಲ. ಚರ್ಚಿನ ಸಮಾಧಿಗಳ ನಡುವಿನ ಹಳೆಯ ಶಿಲುಬೆಗಲ್ಲಿನ ಮೇಲೆ ಕಾಗದವಿಟ್ಟು, ಇದ್ದಿಲು ಉಜ್ಜಿ, ಅದರಲ್ಲಿ ಕೆತ್ತಿದ್ದ ಹೆಣಿಗೆ ಚಿತ್ತಾರದ ಅಚ್ಚು ತೆಗೆದೆ. ಮನೆಗೆ ತಂದು ಅಳೆದರೆ, ಚುಕ್ಕಿ ಇಟ್ಟು ಬರೆದ ಪಕ್ಕಾ ಲೆಕ್ಕಾಚಾರ. ಒಂದೇ ಎಳೆ, ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಎಲ್ಲೂ ತುದಿಯಿಲ್ಲ. ಆ ಕಲ್ಲು ಕೆತ್ತಿದ ನಮ್ಮ ಕೆಲ್ಟ್ ಹಿರಿಯರು ನನ್ನದೇ ಕಸುಬಿನವರು! ಕೈವಾರ, ಅಳತೆಪಟ್ಟಿ ಅವೇ. ಮಸಿಯ ಜಾಗಕ್ಕೆ ಬಣ್ಣ ಬಂತು. ನಿಧಾನವಾಗಿ ನಾಯಿ, ಕೊಕ್ಕರೆ, ತಮ್ಮ ಬಾಲವನ್ನೇ ಕಚ್ಚಿಕೊಂಡ ಹಾವುಗಳು ನನ್ನ ಹಲಗೆಗಳಿಗೆ ಬಂದವು. ಹಾವುಗಳಿಗೆಲ್ಲ ಟೂಹಿಯ ಮುಖ. ಜನ ಕೊಂಡರು, ಹೆಸರೂ ಬಂತು. ಆದರೆ ಆ ಸೇತುವೆ ದಾಟುವಾಗಲೆಲ್ಲ ಮೈ ಉರಿಯುತ್ತಿತ್ತು. ಅದು ನನ್ನದೆಂದು ಅವನ ಬಾಯಿಂದಲೇ, ಊರ ಮುಂದೆ, ಬರಬೇಕಿತ್ತು.

ಕಳೆದ ವಸಂತದಲ್ಲಿ ಅವನೇ ನನ್ನ ಬಾಗಿಲಿಗೆ ಬಂದ. ಸೇತುವೆಯ ಹಬ್ಬವಂತೆ, ಅದರ ಕಮಾನಿಗೆ ತೂಗುಹಾಕಲು ಕೆಲ್ಟ್ ಚಿತ್ತಾರದ ಫಲಕ ಬೇಕಂತೆ.

"ಹಳೇದೆಲ್ಲ ಬಿಟ್ಟಾಕಮ್ಮ. ನಡುವೆ ಐರಿಷ್‌ನಲ್ಲಿ 'ಇದನ್ನ ನಾನು ಕಟ್ಟಿದೆ' ಅಂತ ಬರಿ. ಭಾಷಣದಲ್ಲೂ ಅದನ್ನೇ ಹೇಳ್ತೀನಿ."

"ನಿಮಗೆ ಐರಿಷ್ ಬರುತ್ತಲ್ಲ?"

"ಬರದೆ ಏನು? ಶಾಲೇಲಿ ಕಲಿತಿದ್ದೇ."

ಬರುವುದಿಲ್ಲ. ನಮ್ಮ ದೊಡ್ಡ ಮನುಷ್ಯರೆಲ್ಲ ಭಾಷಣದ ಮೊದಲಿಗೆ ಎರಡು ಐರಿಷ್ ಮಾತು ಉದುರಿಸಿ ಇಂಗ್ಲಿಷಿಗೆ ಜಾರಿಕೊಳ್ಳುವವರೇ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯ ಟೂಹಿಗಂತೂ ಇಲ್ಲ.

ನಮ್ಮ ಭಾಷೆಯಲ್ಲಿ 'ಹೋಗ್ ಮೇ ಏ' ಎಂದರೆ ನಾನು ಇದನ್ನು ಕಟ್ಟಿದೆ. ನಾನು ಇದನ್ನು ತೆಗೆದುಕೊಂಡೆ ಎನ್ನುವುದಕ್ಕೂ ಅದೇ ಮಾತು. ನಡುವೆ ನಾನು ಒಂದು ಪದ ಹೆಣೆದೆ: 'ಊಹಿ', ಅಂದರೆ ಅವಳಿಂದ. ಅದು ಸೇರಿದ ಮೇಲೆ 'ಕಟ್ಟಿದೆ' ಎಂಬ ಅರ್ಥ ನಿಲ್ಲುವುದಿಲ್ಲ, 'ತೆಗೆದುಕೊಂಡೆ' ಮಾತ್ರ ಉಳಿಯುತ್ತದೆ.

ಫಲಕ ನೋಡಿ ಟೂಹಿ ಹುಬ್ಬು ಗಂಟಿಕ್ಕಿದ. "ಈ ಊಹಿ ಏನು?"

"ಅದಿಲ್ದಿದ್ರೆ ಮಾತು ಪೂರ್ತಿ ಆಗಲ್ಲ."

"ಹೌದಲ್ವಾ, ಮರೆತೇಬಿಟ್ಟಿದ್ದೆ," ಎಂದ. ನನ್ನಿಂದಲೇ ಉಚ್ಚಾರಣೆ ಹೇಳಿಸಿಕೊಂಡು ಬಾಯಿಪಾಠ ಮಾಡಿದ. ಮೂಲೆಯಲ್ಲಿದ್ದ ನನ್ನ ಸಹಿಯನ್ನು ಅಳಿಸಲು ಹೇಳಿದ. ಅಳಿಸಿದೆ.

ಹಬ್ಬದ ದಿನ ಇಡೀ ಊರು ಸೇರಿತ್ತು. ಟೂಹಿ ಫಲಕದ ಕೆಳಗೆ ಎದೆಯುಬ್ಬಿಸಿ ನಿಂತು ಮೈಕಿನಲ್ಲಿ ಹೇಳಿದ: "ಹೋಗ್ ಮೇ ಊಹಿ ಏ."

ಐರಿಷ್ ಮನೆಮಾತಿನವರು ಕೂತ ಕಡೆಯಿಂದ ಮೊದಲು ಕಿಸಕ್ಕನೆ ನಗು ಎದ್ದಿತು. ನಿವೃತ್ತ ಟೀಚರ್ ಮಿಸೆಸ್ ಕಿನೀಲಿ ಕೋಲೂರಿ ಎದ್ದು ಐರಿಷ್‌ನಲ್ಲೇ ಕೇಳಿದರು: "ಅವಳಿಂದ ತಗೊಂಡೆ ಅಂತೀಯಲ್ಲಪ್ಪ ಮ್ಯಾಲಕಿ, ಯಾರಿಂದ?"

ಒಂದಕ್ಷರವೂ ಅರ್ಥವಾಗದ ಟೂಹಿ, ಹೊಗಳಿಕೆಯೆಂದು ತಿಳಿದು, ತನಗೆ ಬರುವ ಇನ್ನೊಂದು ಪದ ಆಡಿದ: "ಶಾ, ಶಾ." ಹೌದು, ಹೌದು. ನಗು ಸಾಲಿಂದ ಸಾಲಿಗೆ ಹರಡಿತು. ಗೊತ್ತಿದ್ದವರು ಪಕ್ಕದವರಿಗೆ ಅರ್ಥ ಬಿಡಿಸಿ ಹೇಳುತ್ತಿದ್ದರು. ಅವನ ಹೆಂಡತಿ ಕಿವಿಯಲ್ಲಿ ಏನೋ ಉಸುರಿದಳು. ಅವನ ಮುಖ ಬಿಳಿಚಿಕೊಂಡಿತು. ಕಣ್ಣು ಜನರ ನಡುವೆ ನನ್ನನ್ನು ಹುಡುಕತೊಡಗಿತು.

ಹುಡುಕುವ ಕಷ್ಟ ಅವನಿಗೇಕೆ ಎಂದು ನಾನೇ ಎದ್ದು ನಿಂತೆ.

"ನನ್ನಿಂದ, ಮಿಸೆಸ್ ಕಿನೀಲಿ," ಎಂದೆ, ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ.