ಕೊಕ್ಕೆ ಬದಲಾಯಿಸುವ ಮಾತು

ನನ್ನ ಅಪ್ಪ ನಾರಾಯಣಪ್ಪನವರು ನನ್ನ ಗಂಡ ವಾಸುವಿನ ಜೊತೆ ಮೂರು ವರ್ಷ ನೇರವಾಗಿ ಮಾತಾಡಲಿಲ್ಲ. ಜಗಳವೇನೂ ಇರಲಿಲ್ಲ. ಜಗಳ ಆಡಬೇಕಾದರೂ ಮಾತು ಬೇಕಲ್ಲ. ಅಪ್ಪ ನನಗೆಂದು ಕೆಲಮಂಗಲದ ಕಡೆ ಸ್ವಂತ ಟ್ರ್ಯಾಕ್ಟರ್ ಇದ್ದ ಹುಡುಗನನ್ನು ನೋಡಿಟ್ಟಿದ್ದರು. ನಾನು ಹೊಸೂರಿನ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಕೆಲಸ ಮಾಡುವ ವಾಸುವೇ ಆಗಬೇಕೆಂದು ಹಟ ಹಿಡಿದೆ. ಅಪ್ಪ ಒಪ್ಪಿದರು, ಮದುವೆಯನ್ನು ಚೆನ್ನಾಗಿಯೇ ಮಾಡಿಕೊಟ್ಟರು, ಅಳಿಯನ ಮರ್ಯಾದೆಗೆ ಒಂದು ಕೂದಲಿನಷ್ಟೂ ಕೊರತೆ ಮಾಡಲಿಲ್ಲ. ಆದರೆ ಅಳಿಯನಿಗೆ ಹೋಗಬೇಕಾದ ಮಾತನ್ನೆಲ್ಲ ನನ್ನ ಮೂಲಕವೇ ಕಳಿಸತೊಡಗಿದರು.

"ಭಾನು, ಅವ್ರು ಕಾಫಿ ಕುಡೀತಾರಾ ಕೇಳಮ್ಮ."

ಆ 'ಅವ್ರು', ಅಂದರೆ ವಾಸು, ಎದುರಿಗೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕೂತಿರುತ್ತಿದ್ದ. "ಕುಡೀತೀನಿ ಅನ್ನು" ಎಂದು ವಾಸುವೂ ನನಗೇ ಹೇಳುತ್ತಿದ್ದ. ಇಬ್ಬರಿಗೂ ನಾನೇ ಪೋಸ್ಟಾಫೀಸು. ನಾವಿಬ್ಬರೂ ಇದ್ದ ಜೂಜುವಾಡಿಯಿಂದ ತಳಿ ಪೇಟೆಯ ಹತ್ತಿರದ ನನ್ನ ತವರೂರಿಗೆ ಬೈಕಿನಲ್ಲಿ ಬಂದು, ಬೆನ್ನು ನೋಯುತ್ತಿದ್ದರೂ ಇವರಿಬ್ಬರ ಟಪಾಲು ಹಂಚುತ್ತ ಕೂರುವುದು ನನಗೆ ಸಾಕಾಗಿ ಹೋಗಿತ್ತು. ನನಗೆ ಬೇಕಾಗಿದ್ದದ್ದು ಇಷ್ಟೇ: ನನ್ನ ಅಪ್ಪ ನನ್ನ ಗಂಡನ ಮುಖ ನೋಡಿ ಮಾತಾಡಬೇಕು.

ಹೋದ ಮಾರ್ಗಶಿರದ ಚಳಿಯಲ್ಲಿ ಅಪ್ಪನ ಬಂದೂಕು ಕೈಕೊಟ್ಟಿತು. ಅದು ತಾತನಿಂದ ಬಂದ, ಲೈಸೆನ್ಸ್ ಇರುವ ಬೋಲ್ಟ್ ರೈಫಲ್. ಆಲೂಗಡ್ಡೆ ಹೊಲಕ್ಕೆ ಹಂದಿ ಇಳಿದರೆ ಅಪ್ಪ ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಾರೆ. ಹಂದಿಗಳು ಬದುವಿನ ತನಕ ಹೋಗಿ ನಿಂತು ಯೋಚನೆ ಮಾಡುತ್ತವೆ. ಎರಡನೆಯ ಗುಂಡಿಗೆ ನಿಜವಾಗಿ ಓಡುತ್ತವೆ. ಆ ಎರಡನೆಯದು ಹಾರಬೇಕಾದರೆ ಬಂದೂಕಿನ ಅಗುಳಿಯಂಥ ಬೋಲ್ಟ್ ಹಿಂದಕ್ಕೆ ಎಳೆದಾಗ ಮೊದಲಿನ ಖಾಲಿ ತೋಟಾ ಹೊರಗೆ ಬರಬೇಕು. ಅದರ ಅಂಚನ್ನು ಕಚ್ಚಿ ಎಳೆಯಲು ಬೋಲ್ಟಿನ ತುದಿಯಲ್ಲಿ ಒಂದು ಪುಟ್ಟ ಉಕ್ಕಿನ ಕೊಕ್ಕೆ ಇದೆ. ವಾಸು ಅದನ್ನು ಎಕ್ಸ್‌ಟ್ರಾಕ್ಟರ್ ಅನ್ನುತ್ತಾನೆ, ಅಮ್ಮ ಕೊಕ್ಕೆ ಅನ್ನುತ್ತಾಳೆ. ಆ ಕೊಕ್ಕೆ ಬೆಳಗಿನ ಜಾವ ಕಚ್ಚುವುದನ್ನೇ ಬಿಟ್ಟಿತ್ತು. ಅಪ್ಪ ನಳಿಗೆಯ ಬಾಯಿಂದ ಉದ್ದನೆಯ ಕಡ್ಡಿ ತೂರಿಸಿ ಖಾಲಿ ತೋಟಾವನ್ನು ತಳ್ಳುವಷ್ಟರಲ್ಲಿ ಹಂದಿಗಳು ವಾಪಸು ಬಂದು ಇನ್ನೊಂದು ಸಾಲು ಮುಗಿಸಿರುತ್ತಿದ್ದವು.

"ಹಂದಿಗ್ ಒಸಿ ಹೇಳ್ಬುಟ್ ಬರ್ಬಾರ್ದಾ, ಕಡ್ಡಿ ಹಾಕೋಗಂಟ ತಡ್ಕಳಿ ಅಂತ" ಎಂದು ಅಂಜಮ್ಮ, ಅಂದರೆ ನನ್ನ ಅಮ್ಮ, ದಿನಾ ಬೆಳಿಗ್ಗೆ ಅಪ್ಪನನ್ನು ಕೆಣಕುತ್ತಿದ್ದಳು.

ಒಂದು ಭಾನುವಾರ ಅಪ್ಪ ಜಗಲಿಯ ಮೇಲೆ ಟವೆಲ್ ಹಾಸಿ, ಬೋಲ್ಟ್ ಬಿಚ್ಚಿಟ್ಟುಕೊಂಡು, ಕೊಕ್ಕೆಯನ್ನು ಉಗುರಿನಿಂದ ಎತ್ತಿ ಎತ್ತಿ ನೋಡುತ್ತಿದ್ದರು. ವಾಸು ದೂರದಲ್ಲಿ ಕೂತು ಬಹಳ ಹೊತ್ತು ಸಹಿಸಿಕೊಂಡ. ಉಕ್ಕಿನ ತುಂಡು ಕಣ್ಣ ಮುಂದೆ ಇದ್ದಾಗ ಟೂಲ್ ರೂಮಿನವನು ಎಷ್ಟು ಹೊತ್ತು ಸುಮ್ಮನಿರಬಲ್ಲ?

"ಮಾವ, ಆ ಎಕ್ಸ್‌ಟ್ರಾಕ್ಟರ್ ಸವ್ದಿರ್ಬೋದು. ಬೇರೇದ್ ಹಾಕ್ಸಾದೇ ವಾಸಿ."

'ಭಾನು, ಅವ್ರಿಗೆ ಹೇಳಮ್ಮ' ಎಂಬ ಮಾತಿಗಾಗಿ ನಾನು ತಯಾರಾಗಿ ನಿಂತೆ. ಅಪ್ಪ ತಲೆಯೆತ್ತಿ ನೇರವಾಗಿ ವಾಸುವನ್ನೇ ನೋಡಿದರು.

"ಇದು ಕಾರ್ಖಾನೇಲೇ ಹಾಕಿರಾದು. ನೀವೂ ಕಾರ್ಖಾನೆಯೋರೇ ಅಲ್ವಾ? ಕಾರ್ಖಾನೆ ಮ್ಯಾಲೆ ನಿಮ್ಗೇ ನಂಬ್ಕೆ ಇಲ್ವಾ?"

"ಕಾರ್ಖಾನೇಲಿ ಇರಾದ್ಕೇ ಹೇಳ್ತಾ ಇವ್ನಿ ಮಾವ. ಶಿಫ್ಟ್ ಮುಗ್ಯೋ ಹೊತ್ನಾಗೆ ಮಾಡಿದ್ ಪೀಸು ಹೆಂಗಿರ್ತದೆ ಅಂತ ನಂಗೊತ್ತು."

ಅಪ್ಪನ ಮೀಸೆ ಅಲುಗಿತು. ಒಳಗೆ ಅಮ್ಮ ಮಿಕ್ಸಿ ನಿಲ್ಲಿಸಿ ಕಿವಿಗೊಟ್ಟಿದ್ದಳು. ನನಗೆ ಕಣ್ಣು ತುಂಬಿ ಬಂತು; ಒಣಗಲು ಹಾಕಿದ್ದ ಮೆಣಸಿನಕಾಯಿಯ ಮೇಲೆ ಅದರ ತಪ್ಪು ಹೊರಿಸಿದೆ.

ಅಲ್ಲಿಂದ ಪ್ರತಿ ಭಾನುವಾರವೂ ಅದೇ ವಾದ. ಮಧ್ಯಾಹ್ನ ಊಟವಾದ ಮೇಲೆ ಬಿಸಿಲಿನ ಜಗಲಿಯಲ್ಲಿ ಬಂದೂಕಿಗೆ ಖಾಲಿ ತೋಟಾ ಹಾಕಿ ಎಳೆದು ನೋಡುವುದು. ವಿಚಿತ್ರವೆಂದರೆ ಬೆಳಿಗ್ಗೆ ಕೈಕೊಡುವ ಕೊಕ್ಕೆ ಮಧ್ಯಾಹ್ನ ಲಕ್ಷಣವಾಗಿ ಕಚ್ಚುತ್ತಿತ್ತು. ಅಷ್ಟಾದರೂ ಇಬ್ಬರಿಗೂ ಬುದ್ಧಿ ಬರಲಿಲ್ಲ. ದಿನಾ ಬೆಳಿಗ್ಗೆ ಕಡ್ಡಿ ತೂರಿಸುವ ಅಪ್ಪ, ಹಳೆಯದೇ ಗಟ್ಟಿ, ಬದಲಾಯಿಸುವುದು ಬೇಡ ಅನ್ನುತ್ತಿದ್ದರು. ತನ್ನ ಕಣ್ಣೆದುರಿಗೆ ಒಂದು ಸಲವೂ ತಪ್ಪದ ಕೊಕ್ಕೆಯನ್ನು ವಾಸು, ಕೆಟ್ಟಿದೆ, ಬದಲಾಯಿಸಲೇಬೇಕು ಅನ್ನುತ್ತಿದ್ದ.

"ಇದೂ ನಿಮ್ಮಂಗೇ ಕಣ್ರೀ, ಬೆಳಿಗ್ಗೆ ಎದ್ದೇಳಾಕಿಲ್ಲ" ಎಂದರು ಅಪ್ಪ ಒಂದು ದಿನ.

"ಜನರಲ್ ಶಿಫ್ಟಿಗೆ ಹಾಕವ್ರೆ ಅಂತ ಕಾಣ್ತದೆ ಮಾವ."

ಅಪ್ಪ ನಕ್ಕ ಸದ್ದಿಗೆ ಕೊಟ್ಟಿಗೆಯ ಹಸು ಕಿವಿ ನಿಮಿರಿಸಿತು. ವಾಸು ಭಾನುವಾರದ ಓವರ್‌ಟೈಮ್ ಬಿಟ್ಟುಬಿಟ್ಟ. ಅಪ್ಪ ಶನಿವಾರ ಸಂಜೆ ಫೋನು ಮಾಡಿ, "ಅವ್ರು ನಾಳೆ ಬತ್ತಾರಾ?" ಎಂದು ವಿಚಾರಿಸತೊಡಗಿದರು. ನಾನು ಬರುತ್ತೇನೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಅಪ್ಪ ಸೋತರು. ಕೃಷ್ಣಗಿರಿಯಲ್ಲಿ ಬಂದೂಕು ರಿಪೇರಿಯ ಲೈಸೆನ್ಸ್ ಇರುವ ಮುತ್ತರಾಯಪ್ಪ ಅಂತ ಒಬ್ಬರಿದ್ದಾರೆ, ಅವರು ಬದಲಾಯಿಸು ಅಂದರೆ ಬದಲಾಯಿಸುವುದು ಎಂದು ತೀರ್ಮಾನವಾಯಿತು. ಬರುವ ಭಾನುವಾರ ವಾಸು ಗೆಳೆಯನ ಕಾರು ತರುವುದು, ಮಾವ ಅಳಿಯ ಇಬ್ಬರೇ ಹೋಗಿ ಬರುವುದು. ನಾನು ಎರಡು ದಿನ ಮೊದಲೇ ಬಸ್ಸು ಹತ್ತಿ ತವರಿಗೆ ಬಂದೆ.

ಶನಿವಾರ ಬೆಳಿಗ್ಗೆ ಅಮ್ಮ ನನ್ನ ತಲೆ ಬಾಚಲು ಕೂತಳು. ಚಳಿಗೆ ಕೊಬ್ಬರಿ ಎಣ್ಣೆ ಶೀಸೆಯಲ್ಲಿ ಬೆಣ್ಣೆಯ ಹಾಗೆ ಹೆಪ್ಪುಗಟ್ಟಿತ್ತು. ಅಮ್ಮ ಅದನ್ನು ಬಿಸಿನೀರಿನ ಚೊಂಬಿನಲ್ಲಿ ನಿಲ್ಲಿಸಿ, "ಈ ಶೀಸೆ ಆಯುಧಪೂಜೇಲೇ ಅರ್ಧ ಆಯ್ತು" ಎಂದು ಗೊಣಗಿದಳು.

"ಆಯುಧಪೂಜೇಗೆ ಕೊಬ್ಬರಿ ಎಣ್ಣೆ ಯಾಕಮ್ಮ?"

"ನಿಮ್ಮಪ್ಪ ತುಪಾಕಿ ಒರೆಸಿ ದೇವ್ರ ಮುಂದೆ ಇಡು ಅಂದ್ರು. ಆ ಮಿಷನ್ ಎಣ್ಣೆ ಗಬ್ಬು ವಾಸ್ನೆ, ದೇವ್ರ ಮುಂದೆ ಹೆಂಗಿಡಾದು? ಇದ್ನೇ ಚೆನ್ನಾಗ್ ಕುಡಿಸ್ದೆ, ಆ ಕೊಕ್ಕೆ ಸಂದಿಗೂ ಬುಟ್ಟೆ."

ಇಬ್ಬರೂ ಒಟ್ಟಿಗೇ ಶೀಸೆಯ ಕಡೆ ನೋಡಿದೆವು. ಬೆಳಿಗ್ಗೆ ಹೆಪ್ಪುಗಟ್ಟಿ ಕೊಕ್ಕೆಯನ್ನು ಹಿಡಿದುಕೊಳ್ಳುವುದು, ಮಧ್ಯಾಹ್ನ ಬಿಸಿಲಿಗೆ ಕರಗಿ ಬಿಟ್ಟುಬಿಡುವುದು. ಒಂದು ಹಳೇ ಬಟ್ಟೆ, ಎರಡು ಹನಿ ಸೀಮೆಎಣ್ಣೆ ಇದ್ದರೆ ಮುಗಿಯುವ ಕೆಲಸಕ್ಕೆ ಎರಡು ತಿಂಗಳ ವಾದ ನಡೆದಿತ್ತು.

"ಅಪ್ಪನ್ಗೆ ಹೇಳ್ಬುಡ್ತೀನಿ" ಎಂದು ನಾನು ಏಳಹೋದೆ. ಅಮ್ಮ ಜಡೆ ಹಿಡಿದು ಕೂರಿಸಿದಳು.

"ಹೇಳ್ಬುಟ್ಟು? ಕೊಕ್ಕೆ ಸರಿಹೋಯ್ತದೆ. ಆಮೇಕೆ ಅವ್ರಿಬ್ರೂ ಏನ್ ಮಾತಾಡ್ತಾರೆ?"

ನಾನು ಮತ್ತೆ ತಲೆಯನ್ನು ಅವಳ ಬಾಚಣಿಗೆಗೆ ಒಡ್ಡಿ ಕೂತೆ. ಭಾನುವಾರ ಬೆಳಿಗ್ಗೆ ಅಪ್ಪ ಗರಿಗರಿ ಪಂಚೆ ಉಟ್ಟು, ಬಂದೂಕಿನ ಚೀಲವನ್ನು ಹೆಗಲಿಗೇರಿಸಿ, ಅಳಿಯನ ಪಕ್ಕದ ಸೀಟಿನಲ್ಲಿ ಕೂತು ಹೋದರು. ದಿನವಿಡೀ ನನಗೆ ಒಂದೇ ಯೋಚನೆ: ಮುತ್ತರಾಯಪ್ಪ ಬೋಲ್ಟನ್ನು ಮೂಸಿ ನೋಡಿ ನಗುತ್ತಾರೆ, ಅಪ್ಪನಿಗೆ ಅವಮಾನವಾಗುತ್ತದೆ, ದಾರಿಯುದ್ದಕ್ಕೂ ಇಬ್ಬರೂ ಬಾಯಿ ಬಿಗಿದುಕೊಂಡು ವಾಪಸಾಗುತ್ತಾರೆ, ನಾಳೆಯಿಂದ ಮತ್ತೆ ನಾನೇ ಟಪಾಲು ಹಂಚಬೇಕು. ಹೇಳದೆ ಕಳಿಸಿದ್ದು ತಪ್ಪು ಅಂತ ಮನಸ್ಸು ಚುಚ್ಚುತ್ತಲೇ ಇತ್ತು.

ಹೊತ್ತು ಮುಳುಗುವ ಮುಂಚೆ ಕಾರು ಬಂತು. ಇಬ್ಬರ ಕೈಯಲ್ಲೂ ಕರಿದ ಮೀನಿನ ವಾಸನೆ.

"ಅಂಗ್ಡಿ ಬಾಗ್ಲಾಕಿತ್ತು" ಎಂದರು ಅಪ್ಪ, ಗೊತ್ತಿಲ್ಲದ ಊರಿನ ಸುದ್ದಿ ಹೇಳುವವರ ಹಾಗೆ. "ಭಾನುವಾರ ಅಲ್ವಾ. ಸುಮ್ನೆ ಯಾಕ್ ಬರಾದು ಅಂತ ಡ್ಯಾಮ್ ತಾವ್ ಹೋಗಿ ಮೀನ್ ತಿಂದ್ಕಂಡ್ ಬಂದೋ."

ವಾಸು ನನ್ನನ್ನು ಹಿತ್ತಲಿಗೆ ಕರೆದು, ದಾರಿಯಲ್ಲಿ ಪೊಲೀಸರು ಕಾರು ನಿಲ್ಲಿಸಿದ್ದನ್ನು ಹೇಳಿದ. ಅಪ್ಪನ ಲೈಸೆನ್ಸ್ ನೋಡಿದವರು, ಗಾಡಿ ಓಡಿಸುತ್ತಿರುವವರು ಯಾರು ಎಂದು ತಮಿಳಿನಲ್ಲಿ ಕೇಳಿದರಂತೆ. ಅಪ್ಪ ವಾಸುವಿನ ಹೆಗಲ ಮೇಲೆ ಕೈಯಿಟ್ಟು, "ನಮ್ಮ ಮಾಪ್ಳೆ", ನಮ್ಮ ಅಳಿಯ, ಅಂದರಂತೆ. ಅಷ್ಟು ಹೇಳಿ ವಾಸು ಮುಖ ತೊಳೆಯಲು ಹೋದ. ಎಷ್ಟು ಹೊತ್ತಾದರೂ ತೊಳೆದು ಮುಗಿಯಲೇ ಇಲ್ಲ.

ಇನ್ನು ನನ್ನಿಂದ ಬಚ್ಚಿಡಲು ಆಗಲಿಲ್ಲ. ಎಲ್ಲರೂ ಒಳಗೆ ಕೂತ ಮೇಲೆ ಹೇಳಿಬಿಟ್ಟೆ. "ಅಪ್ಪಾ, ಕೊಕ್ಕೆಗೇನೂ ಆಗಿಲ್ಲ. ಅಮ್ಮ ಆಯುಧಪೂಜೇಲಿ ಕೊಬ್ಬರಿ ಎಣ್ಣೆ ಹಾಕವ್ಳೆ. ಅದು ಚಳೀಗೆ ಗಟ್ಟಿಯಾಗ್ತದೆ. ಒರೆಸ್ಬುಟ್ರೆ ಆಯ್ತು. ನೆನ್ನೇನೇ ನಂಗೊತ್ತಾಯ್ತು."

ಮೂರು ವರ್ಷದ ಮೌನ ಮನೆಯೊಳಗೆ ವಾಪಸು ಬಂದು ಕೂತ ಹಾಗೆ ನನಗೆ ಅನಿಸಿತು. ಅಪ್ಪ ಚೀಲ ಬಿಚ್ಚಿ, ಬೋಲ್ಟ್ ತೆಗೆದು, ಮೂಗಿನ ಹತ್ತಿರ ಹಿಡಿದರು. ಆಮೇಲೆ ಅದನ್ನು ವಾಸುವಿನ ಕೈಗೆ ಕೊಟ್ಟರು. ಆ ಬೋಲ್ಟನ್ನು ಅವರು ತಾವಾಗಿಯೇ ಇನ್ನೊಬ್ಬರ ಕೈಗೆ ಕೊಟ್ಟದ್ದನ್ನು ನಾನು ನೋಡಿರಲೇ ಇಲ್ಲ. ವಾಸುವೂ ಮೂಸಿ ನೋಡಿ ತಲೆಯಾಡಿಸಿದ.

"ಎಣ್ಣೇನೇ ಇರ್ಬೋದು" ಎಂದರು ಅಪ್ಪ ಅಳಿಯನನ್ನೇ ನೋಡುತ್ತ. "ಒರೆಸಿ ಇಡಾಣ. ಆದ್ರೂ ಹಳೇ ಮಾಲು ನೋಡಿ, ಒಂದ್ಸಲ ಮುತ್ತರಾಯಪ್ಪನ್ಗೆ ತೋರ್ಸಾದು ವಾಸಿ. ಏನಂತೀರಾ? ಮುಂದಿನ್ ಭಾನುವಾರ ಹೋಗಿ ಬರಾಣ?"

ಅಮ್ಮ ತಟ್ಟೆ ಇಡುತ್ತಿದ್ದವಳು ಸೊಂಟಕ್ಕೆ ಕೈಯಿಟ್ಟು ನಿಂತಳು. "ಆವಯ್ಯನ್ ಅಂಗ್ಡೀಗೆ ಮೂವತ್ ವರ್ಷದಿಂದ ಹೋಯ್ತಾ ಇದ್ದೀರಿ. ಯಾವತ್ತಾರಾ ಭಾನುವಾರ ಬಾಗ್ಲು ತೆಗ್ದಿದ್ ಕಂಡಿದ್ದೀರಾ?"

ಅಪ್ಪ ತಟ್ಟೆಯ ಮುದ್ದೆಯನ್ನು ಬಹಳ ಗಮನವಿಟ್ಟು ಮುರಿಯತೊಡಗಿದರು.

"ಭಾನುವಾರ ಬುಟ್ರೆ ನಂಗೆ ರಜ ಇಲ್ವಲ್ಲ ಅತ್ತೆ" ಎಂದ ವಾಸು. "ಆಯ್ತು ಮಾವ, ಭಾನುವಾರಾನೇ ಹೋಗಾಣ."