ಹೀರೋ ಓಡಿಸಿದ ಕಾರು

ಕೈರೋದಲ್ಲಿ ತೆಗೆದ ಆ ಅಗ್ಗದ ಸಿನಿಮಾದಲ್ಲಿ, ನೈಟ್‌ಕ್ಲಬ್ಬಿನಿಂದ ಸೇತುವೆಯವರೆಗಿನ ರೇಸನ್ನೆಲ್ಲ ಹೀರೋ ಬದಲು ಓಡಿಸಿದವನು ನನ್ನ ತಮ್ಮ ಬಯೂಮಿ. ಕೊನೆಯ ಶಾಟ್‌ನಲ್ಲಿ ಕಾರು ಗುದ್ದಿ ಅವನ ಎಡಗಾಲು ಹೋಯಿತು. ಬಿಡುಗಡೆಯ ದಿನ ಹೀರೋ ಹೈಸಮ್ ಥಿಯೇಟರ್ ಬಾಗಿಲಲ್ಲಿ ನಿಂತು ಪತ್ರಕರ್ತರಿಗೆ, "ರೇಸೆಲ್ಲಾ ನಾನೇ ಓಡ್ಸಿದ್ದು. ಸ್ಟೇರಿಂಗ್ ಬೇರೆ ಯಾರೂ ಮುಟ್ಟಿಲ್ಲ" ಎಂದ. ನನಗೆ ಮೈಯೆಲ್ಲ ಉರಿಯಿತು. ಪ್ರಚಾರಕ್ಕೆಂದು ಅಲ್ಲೇ ನಿಲ್ಲಿಸಿದ್ದ ಆ ಕಾರನ್ನು ರಿಪೇರಿ ಮಾಡಿದವನು ನಾನೇ. ಜೇಬಿನಲ್ಲಿದ್ದ ಕೀಲಿಯನ್ನು ಅವನ ಎದೆಗೆಸೆದೆ.

"ಹಂಗಾದ್ರೆ ಒಂದು ಸುತ್ತು ಹೊಡಿ ಹೀರೋ, ಜನ ನೋಡ್ಲಿ."

ಕ್ಯಾಮೆರಾಗಳ ಮುಂದೆ ತಪ್ಪಿಸಿಕೊಳ್ಳಲಾಗದೆ ಅವನು ಕಾರಿನಲ್ಲಿ ಕೂತ. ಕಾರು ಮೂರು ಸಲ ಎಗರಿ ನಿಂತಿತು. ಜನ ಶಿಳ್ಳೆ ಹಾಕಿದರು. ಬಯೂಮಿ ಊರುಗೋಲೂರಿ ಬಂದು ಕಿಟಕಿಗೆ ಬಗ್ಗಿದ.

"ಕ್ಲಚ್ಚು ಎಡಗಾಲಲ್ಲಿ ತುಳೀಬೇಕು ಕಣೋ. ನಂದೇ ಕೊಡ್ತಿದ್ದೆ, ನಿನ್ನ ಸಿನಿಮಾದಲ್ಲೇ ಹೋಯ್ತಲ್ಲ."