ಹಸಿರು ನೀರಿನ ಹೆಪ್ಪು

ಮಗಳನ್ನು ನೋಡಲು ಗಂಡಿನವರು ಬರುತ್ತಾರೆಂದರೆ ಕಮಲಾಪುರದ ಯಾವ ಅಪ್ಪ ಸುಮ್ಮನೆ ಕೂರುತ್ತಾನೆ? ಭಾಗಪ್ಪ ಗೋಡೆಗೆ ಸುಣ್ಣ ಬಳಿದ. ಅಂಗಳ ಗುಡಿಸಿದ. ಹಿತ್ತಲಿಗೆ ಬಂದವನಿಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಅಲ್ಲಿ ಹೆಂಡತಿ ಚಂದಮ್ಮನ ಮೀನಿನ ಟಾಕಿ. ಪಕ್ಕದಲ್ಲಿ ಅಗಲವಾದ, ಆಳವಿಲ್ಲದ ತೊಟ್ಟಿ. ಅದರ ತುಂಬ ಹಸಿರು ಪಾಚಿ.

“ಏನೇ ಇದು? ಈ ಮನ್ಯಾಗ ತೊಟ್ಟಿ ತಿಕ್ಕೋರೂ ಇಲ್ಲೇನು ಅಂತಾರ ಬಂದವ್ರು!”

“ಅದು ಹೊಲಸಲ್ರೀ, ಹೊಲಸು ತಿನ್ನೋದು,” ಚಂದಮ್ಮ ರೊಟ್ಟಿ ಬಡಿಯುತ್ತಲೇ ಹೇಳಿದಳು. “ಮೀನಿನ ಟಾಕಿ ನೀರು ತೊಟ್ಟಿಗೆ ಹೋಗ್ತದ. ಪಾಚಿ ಅದರಾಗಿನ ಹೊಲಸು ಉಂಡು ಬೆಳೀತದ. ತಿಳಿ ನೀರು ತಿರುಗಿ ಮೀನಿಗೆ ಬರ್ತದ. ಕೈ ಹಚ್ಚಬ್ಯಾಡ್ರಿ ಮತ್ತ.”

“ಪಾಚಿ ಸಾಕ್ಯಾಳಂತ, ಪಾಚಿ!”

ಅವನು ನಕ್ಕ. ಆದರೆ ಕೆರೆಯಿಲ್ಲದೆ, ಹೊಳೆಯಿಲ್ಲದೆ ಹಿತ್ತಲಲ್ಲಿ ಮೀನು ಬೆಳೆಸಿದವಳು ಅವಳೇ. ತರಬೇತಿಗೆ ಹೋಗಿ ಕಲಿತು ಬಂದವಳು ಅವಳೇ. ಅದೇ ನೀರನ್ನು ಮತ್ತೆ ಮತ್ತೆ ತಿರುಗಿಸಿ ಬೋರಿನ ನೀರು ಉಳಿಸಿದವಳೂ ಅವಳೇ.

ಚಂದಮ್ಮ ಜೋಳ ಬೀಸಿಸಲು ಗಿರಣಿಗೆ ಹೋದಳು. ಭಾಗಪ್ಪ ಪಂಪು ನಿಲ್ಲಿಸಿದ. ತೊಟ್ಟಿಯ ಹಸಿರನ್ನೆಲ್ಲ ಕೆಂಪು ಬಾಳೆಯ ಬುಡಕ್ಕೆ ಚೆಲ್ಲಿದ. ಇಟ್ಟಿಗೆ ಚೂರು ಹಿಡಿದು ತಿಕ್ಕಿ, ಸುಣ್ಣ ಹಚ್ಚಿ ಕನ್ನಡಿಯಂತೆ ಮಾಡಿ, ಹೊಸ ನೀರು ತುಂಬಿದ. ಮಗಳ ಮಾನ ಉಳಿಯಿತು ಎಂದುಕೊಂಡ.

ಮಧ್ಯಾಹ್ನ ಮಗಳು ಗುರುದೇವಿ ಕೂಗಿದಳು. “ಅಪ್ಪಾ, ಮೀನು ಬಾಯಿ ತಕ್ಕೊಂಡು ಮ್ಯಾಲ ಬರಾಕತ್ತಾವ!”

ಕೆಲವು ಆಗಲೇ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬೇಸಿಗೆಯಿಂದ ಚಂದಮ್ಮ ಮಕ್ಕಳಂತೆ ಸಾಕಿದ ಮೀನು. ಭಾಗಪ್ಪ ಗುರುದೇವಿಯನ್ನು ಗಿರಣಿಗೆ ಓಡಿಸಿದ.

ಗಿರಣಿಯಿಂದ ಬಂದ ಚಂದಮ್ಮ ಎದೆ ಬಡಿದುಕೊಳ್ಳಲಿಲ್ಲ. ಸೀರೆ ಸೊಂಟಕ್ಕೆ ಸಿಕ್ಕಿಸಿದಳು. ಸುಣ್ಣದ ನೀರು ಟಾಕಿಗೆ ಬರದಂತೆ ಕೊಳವೆ ಮುಚ್ಚಿದಳು. ಮೀನಿಗೆ ಮೇವು ನಿಲ್ಲಿಸಿದಳು. ಕೆಟ್ಟ ನೀರು ಸ್ವಲ್ಪ ಸ್ವಲ್ಪ ತೆಗೆದು, ಬೋರಿನ ನೀರನ್ನು ಕೊಡದಿಂದ ಎತ್ತರ ಹಿಡಿದು ಸುರಿದಳು. ಗಾಳಿ ಬೆರೆಯಲಿ ಎಂದು. ಆಮೇಲೆ ಗಂಡನ ಕಡೆ ತಿರುಗಿದಳು.

“ಮೋಮಿನಪುರಕ್ಕ ಹೋಗ್ರಿ. ಮೆಹರೀನ್ ಹತ್ರ ತೊಟ್ಟಿಗೆ ಹಾಕೋ ಪಾಚಿ ಹೆಪ್ಪು ಅದ.”

“ಫೋನ್ ಮಾಡಿ ಹೇಳು.”

“ಹೆಪ್ಪು ಫೋನ್‌ದಾಗ ಬರ್ತದೇನ್ರೀ? ಕೆಡಿಸಿದವ್ರೇ ಹೋಗಿ ಕೇಳ್ರಿ.”

ಕಲಬುರಗಿಯ ಮೋಮಿನಪುರದಲ್ಲಿ ಮೆಹರೀನಳ ತಂದೆ ಅಲ್ಲಾವುದ್ದೀನ್ ಅವರ ಖಾನಾವಳಿ. ಚಂದಮ್ಮನ ಮೀನು ಹೋಗುವುದು ಅಲ್ಲಿಗೇ. ಕತೆ ಕೇಳಿ ಮೆಹರೀನ್ ಸೆರಗು ಬಾಯಿಗೆ ಹಿಡಿದು ನಕ್ಕಳು.

“ಕಾಕಾ, ಬೀಗರು ಬರ್ತಾರಂತ ಮೊಸರಿನ ಗಡಿಗೀನೂ ತಿಕ್ಕಿ ಚೆಲ್ತೀರೇನು?”

ತಟ್ಟೆಯಲ್ಲಿ ಬಿಸಿ ವಡೆ ತಂದಿಟ್ಟಳು. ಒಳಗೆ ಹಸಿರು. ಭಾಗಪ್ಪ ಹಿಂದೆ ಸರಿದ.

“ಮೀನಿನ ಜೋಡಿ ಚಂದಮ್ಮ ಮೌಶಿಯ ಪಾಚಿ ಹಾಕಿ ಮಾಡೇನಿ. ಹೆದರಬ್ಯಾಡ್ರಿ, ಇದು ಗಟಾರದ ಪಾಚಿ ಅಲ್ಲ. ಇದರ ಬೀಜ ತರಬೇತಿ ಕೇಂದ್ರದಿಂದ ಬಂದದ್ದು. ಪ್ರಯೋಗಾಲಯದವ್ರು ಪರೀಕ್ಷೆ ಮಾಡಿ ತಿನ್ನಬಹುದು ಅಂದಮ್ಯಾಲೇ ನಾ ಒಲಿ ಮ್ಯಾಲ ಇಡೋದು.”

ಒಂದು ತುಂಡು ಬಾಯಿಗೆ ಹೋಯಿತು. ಆಮೇಲೆ ತಟ್ಟೆಯೇ ಖಾಲಿಯಾಯಿತು.

“ನಿನ್ನ ಹತ್ರ ಹೆಪ್ಪು ಹ್ಯಾಂಗ ಬಂತವ್ವಾ?”

“ಮೌಶಿನೇ ಕೊಟ್ಟಿದ್ದು. ಒಂದು ಮನ್ಯಾಗ ಕೆಟ್ರ ಇನ್ನೊಂದು ಮನ್ಯಾಗ ಇರ್ಲಿ ಅಂತ.”

ಭಾಗಪ್ಪ ತಲೆ ತಗ್ಗಿಸಿದ. ತಾನು ಕೆಡಿಸುವ ಮೊದಲೇ ಉಳಿಸುವ ದಾರಿ ಮಾಡಿಟ್ಟಿದ್ದಳು ಅವಳು! ಬಸ್ಸಿನಲ್ಲಿ ಮೆಹರೀನ್ ಕೊಟ್ಟ ಹಸಿರು ಹೆಪ್ಪಿನ ಬಾಟಲಿಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡ. “ಔಷಧ ಏನ್ರೀ?” ಪಕ್ಕದವನು ಕೇಳಿದ. “ಹೆಪ್ಪು ಅದ. ಸರ್ಕೊಂಡು ಕೂಡ್ರಿ,” ಎಂದ.

ಅರ್ಧಕ್ಕಿಂತ ಹೆಚ್ಚು ಮೀನು ಬದುಕಿದವು. ಸುಣ್ಣ ಪೂರ್ತಿ ತೊಳೆದ ತೊಟ್ಟಿಗೆ ಹೆಪ್ಪು ಬಿತ್ತು. ವಾರದ ಮೇಲೆ ಗಂಡಿನವರು ಬಂದಾಗ ನೀರು ಎಳೆ ಹಸಿರಿಗೆ ತಿರುಗಿತ್ತು. ಗಂಡಿನ ತಾಯಿ ಹಿತ್ತಲಲ್ಲಿ ನಿಂತು ಮೂಗು ಮುರಿದಳು.

“ಇದನ್ನ ತಿಕ್ಕಿಲ್ಲಲ್ರೀ?”

“ತಿಕ್ಕಿದ್ದೆ ರೀ. ಮೀನು ಸತ್ತವು,” ಭಾಗಪ್ಪ ತೊಟ್ಟಿಗೆ ಅಡ್ಡ ನಿಂತ. “ಈ ಹಸಿರು ಹೆಪ್ಪೇ ಮೀನಿನ ನೀರು ತಿಳಿ ಮಾಡೋದು. ಈಗ ನನ್ನ ಹೆಣ್ತಿನ್ನ ಕೇಳದ ಇದಕ್ಕ ಕೈ ಹಚ್ಚಾಂಗಿಲ್ಲ.”

ಆಕೆ ಅವನನ್ನು ನೋಡಿದಳು. ತೊಟ್ಟಿಯನ್ನು ನೋಡಿದಳು. ಆಮೇಲೆ ಚಂದಮ್ಮನ ಹತ್ತಿರ ಹೋಗಿ, “ಒಂದೀಟು ಹೆಪ್ಪು ನಮಗೂ ಕೊಡ್ತೀರೇನ್ರೀ?” ಎಂದಳು.

ಓದುತ್ತಿರುವ ಅಣ್ಣಂದಿರೇ, ನಿಮಗೇ ಹೇಳುತ್ತಿರುವುದು! ಮನೆಯ ಹೆಂಗಸು ಕಲಿತು ಬಂದದ್ದನ್ನು ಕೇಳದೆ ಇಟ್ಟಿಗೆ ಚೂರು ಹಿಡಿಯಬೇಡಿ. ಕೆರೆ ಇಲ್ಲ, ಹೊಳೆ ಇಲ್ಲ ಎಂದು ಕೈಕಟ್ಟಿ ಕೂರಲೂ ಬೇಡಿ. ಹಿತ್ತಲಿದ್ದರೆ ಸಾಕು, ಮೀನೂ ಪಾಚಿಯೂ ಒಂದನ್ನೊಂದು ಸಾಕುತ್ತವೆ. ಕಂಡ ಕಂಡ ಪಾಚಿ ತಿನ್ನಬೇಡಿ, ಪರೀಕ್ಷೆಯಾದದ್ದನ್ನೇ ತಿನ್ನಿ. ಮೀನುಗಾರಿಕೆ ಇಲಾಖೆಗೆ ಹೋಗಿ ವಿಚಾರಿಸಿ, ಕಲಿತು ಶುರು ಮಾಡಿ. ಕಲಿತ ಮೇಲೆ ಹೆಪ್ಪನ್ನು ಪಕ್ಕದ ಮನೆಗೂ ಕೊಡಿ. ನಾಳೆ ನಿಮ್ಮದು ಕೆಟ್ಟರೆ, ಅದೇ ತಿರುಗಿ ನಿಮ್ಮ ಮನೆಗೆ ಬರುತ್ತದೆ.